ಕೆಲಸದಲ್ಲಿದ್ದಾರೆ

ನಾವು ಸತ್ತವನಿಗೂ ಕೆಲಸ ಕೊಟ್ಟಿದ್ದೆವು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಪಕ್ಕದ ಮೇಜಿನವಳು ಪಟ್ಟಿಯ ಮೇಲೆ ಬೆರಳಿಟ್ಟು, ಇವನು ನನ್ನ ಜೊತೆ ಓದಿದವನು, ತೀರಿಕೊಂಡು ಮೂರು ವರ್ಷವಾಯಿತು ಎಂದಳು. ಅವನ ಹೆಸರಿನ ಮುಂದೆ ನಮ್ಮ ಅಚ್ಚುಕಟ್ಟಾದ ಅಕ್ಷರದಲ್ಲಿ ‘ಕೆಲಸದಲ್ಲಿದ್ದಾರೆ’ ಎಂದಿತ್ತು.

ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡಿದವರು ಮುಂದೆ ಏನಾದರು ಎಂದು ಲೆಕ್ಕ ಹಾಕಿ ಸರ್ಕಾರಕ್ಕೆ ಹೇಳುವುದು ನಮ್ಮ ಕೇಂದ್ರದ ಕೆಲಸ. ಅರ್ಧಕ್ಕರ್ಧ ಜನ ನಮ್ಮ ಪತ್ರಕ್ಕೆ ಉತ್ತರವನ್ನೇ ಬರೆಯುವುದಿಲ್ಲ. ಅಂಥವರ ಹೆಸರು ವಿಶ್ವವಿದ್ಯಾಲಯದ ವೆಬ್‌ಸೈಟಿನಲ್ಲಿದ್ದರೆ ಕೆಲಸದಲ್ಲಿದ್ದಾರೆ ಎಂದು ಬರೆದುಕೊಳ್ಳಿ ಎಂಬ ನಿಯಮ ಮಾಡಿದವಳು ನಾನೇ. ಆರು ವರ್ಷದ ಹಿಂದೆ ಅದಕ್ಕೆ ಚಪ್ಪಾಳೆಯೂ ಬಿದ್ದಿತ್ತು. ವೆಬ್‌ಸೈಟಿಗೆ ಹೆಸರು ಸೇರಿಸಲು ಎಲ್ಲರೂ ಮುಂದು, ತೆಗೆಯಲು ಯಾರಿಗೂ ಪುರುಸೊತ್ತಿಲ್ಲ ಎಂಬುದು ಬುದ್ಧಿವಂತೆಯಾದ ನನಗೆ ಹೊಳೆದಿರಲಿಲ್ಲ.

ಸಂಜೆ ನಾಲ್ಕಕ್ಕೆ ನಮ್ಮ ಈ ಸಲದ ವರದಿ ಸರ್ಕಾರದ ಮಂಡಳಿಯ ಮುಂದೆ ಹೋಗಬೇಕಿತ್ತು. ನೂರಕ್ಕೆ ತೊಂಬತ್ತೊಂದು ಮಂದಿ ಕೆಲಸದಲ್ಲಿದ್ದಾರೆ ಎಂಬ ನಮ್ಮ ಅಂಕಿ ನೋಡಿದ್ದೇ, ಕೆಲಸಕ್ಕೆ ಕಾಯುತ್ತಿರುವವರಿಗೆ ಕೊಡುವ ಭತ್ಯೆಯನ್ನು ಮಂಡಳಿ ಇಂದೇ ನಿಲ್ಲಿಸುವುದಿತ್ತು.

ಉತ್ತರಿಸದವರಲ್ಲಿ ಇಪ್ಪತ್ತು ಮಂದಿಯ ಫೋನ್ ನಂಬರನ್ನು ಚೀಟಿ ಎತ್ತಿಸಿ ತರಿಸಿಕೊಂಡೆ, ಹೆಸರಿಲ್ಲದೆ. ಕರೆ ಮಾಡುವವರಿಗೆ ಹೆಸರು ಗೊತ್ತಿರಬಾರದು, ಉತ್ತರವನ್ನು ಯಾರಿಗೂ ಹೇಳಬಾರದು, ಇದು ನಮ್ಮ ಪದ್ಧತಿ. ಹತ್ತೊಂಬತ್ತು ಕರೆ ಮುಗಿಯುವಷ್ಟರಲ್ಲಿ ಹನ್ನೊಂದು ಮಂದಿ ಕೆಲಸವಿಲ್ಲ ಎಂದಿದ್ದರು. ಕೊನೆಯ ನಂಬರನ್ನು ಯಾರದೆಂದು ಗಮನಿಸದೆಯೇ ಕಚೇರಿಯ ಫೋನಿನಲ್ಲಿ ಒತ್ತಿ, ಬಾಯಿಪಾಠವಾಗಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿ ಕೇಳಿದೆ.

“ನೀವು ಈಗ ಕೆಲಸದಲ್ಲಿದ್ದೀರಾ?”

ಆಚೆ ಕಡೆ ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

“ಇಲ್ಲ ಅಕ್ಕ. ಹದಿನಾಲ್ಕು ತಿಂಗಳಾಯ್ತು. ಸರ್ಕಾರದ ಭತ್ಯೆಯಲ್ಲೇ ಇದೀನಿ.”

ನನ್ನ ತಂಗಿ. ಪ್ರತಿ ಭಾನುವಾರ ಅಮ್ಮನಿಗೆ ಫೋನು ಮಾಡಿ ಲ್ಯಾಬಿನ ಕತೆ ಹೇಳುವವಳು. ಅವಳ ಹೆಸರು ಹೇಳಿಕೊಂಡು ನೆಂಟರ ಮುಂದೆ ನಾನು ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ಸಿಟ್ಟು ಬಂತು, ಮೊದಲು ಅವಳ ಮೇಲೆ, ಆಮೇಲೆ ನನ್ನ ಮೇಲೆ. ಇದು ಅಮ್ಮನಿಗೆ ಗೊತ್ತಾಗುತ್ತಾ ಎಂದು ಕೇಳಿದಳು. ಯಾರಿಗೂ ಗೊತ್ತಾಗುವುದಿಲ್ಲ ಎಂದು ಮಾತು ಕೊಟ್ಟು, ಸಂಜೆ ಮಂಡಳಿಗೆ ಹೋಗುವ ವರದಿ, ನಿಲ್ಲಲಿರುವ ಭತ್ಯೆ ಎರಡರ ವಿಷಯವನ್ನೂ ಹೇಳಿ ಫೋನು ಇಟ್ಟೆ.

ನಮ್ಮ ಮುಖ್ಯಸ್ಥರಿಗೆ ಬೆನ್ನ ಹಿಂದೆ ನಾವಿಟ್ಟ ಹೆಸರು ದಶಮಾಂಶ. ಚುಕ್ಕಿಯ ಆಚೆಗಿನ ಅಂಕಿ ತಪ್ಪಿದರೂ ಅವರಿಗೆ ಊಟ ಸೇರುವುದಿಲ್ಲ. ಕರೆ ಮಾಡಿದ ಇಪ್ಪತ್ತರಲ್ಲಿ ಹನ್ನೆರಡು ಮಂದಿಗೆ ಕೆಲಸವಿಲ್ಲ, ನಿಯಮ ತಪ್ಪು, ತಪ್ಪು ನನ್ನದು, ಈ ವರದಿಗೆ ಸಹಿ ಹಾಕಲಾರೆ ಎಂದು ಅವರ ಕೋಣೆಯಲ್ಲಿ ನಿಂತೇ ಹೇಳಿದೆ. ಅವರ ಮುಖದ ಬಣ್ಣ ಇಳಿಯಿತು. ಇಪ್ಪತ್ತು ಕರೆ ನಂಬಿ ಆರು ವರ್ಷದ ಕೆಲಸವನ್ನು ತಿಪ್ಪೆಗೆ ಎಸೆಯಲೇ ಎಂದರು. ಸತ್ತವನ ಹಾಳೆಯನ್ನು ಮುಂದಿಟ್ಟೆ. ಒಂದು ಕೈತಪ್ಪು ಎಲ್ಲಿಲ್ಲ ಎಂದರು. ಗಡಿಯಾರದಲ್ಲಿ ಮೂರೂ ಕಾಲು.

“ಮಂಡಳಿಯೋರು ನಿಮ್ಮ ಮಾತು ಕೇಳಲ್ಲಮ್ಮ. ಎದುರಿಗೆ ಬಂದು, ಪಟ್ಟಿಯಲ್ಲಿದೀನಿ, ಕೆಲಸ ಇಲ್ಲ ಅನ್ನೋ ಒಬ್ಬರನ್ನ ತೋರ್ಸಿ. ವರದಿ ನಾನೇ ತಡೀತೀನಿ.”

ಹನ್ನೆರಡು ಮಂದಿಗೂ ಮಾತು ಕೊಟ್ಟಾಗಿತ್ತು. ಬಾಯಿ ಬಿಟ್ಟರೆ ನಂಬಿದವರಿಗೆ ದ್ರೋಹ, ಬಿಡದಿದ್ದರೆ ಅವರ ಅನ್ನಕ್ಕೆ ಕಲ್ಲು. ಯಾರನ್ನೂ ತೋರಿಸಲಾರೆ ಎಂದೆ. ಹಾಗಿದ್ದರೆ ಸಹಿ ತಾವೇ ಹಾಕುವುದಾಗಿ ಹೇಳಿ ಅವರು ಪೆನ್ನಿನ ಮುಚ್ಚಳ ತೆಗೆದರು.

ಆಗ ನನ್ನ ಮೊಬೈಲು ಬಡಿದುಕೊಂಡಿತು. ತಂಗಿ.

“ಅಕ್ಕ, ಗುಟ್ಟು ನಂದು ತಾನೆ? ನಾನು ಬಿಟ್ಕೊಟ್ರೆ ನೀನು ಮಾತಿಗೆ ತಪ್ಪಿದ ಹಾಗಾಗಲ್ಲ. ಆ ಮಂಡಳಿ ಮುಂದೆ ನಾನೇ ಕೂತು ಹೇಳ್ತೀನಿ.”

ನನಗೆ ಅಳು ತಡೆಯಲಾಗಲಿಲ್ಲ. ಇವಳು ಪಟ್ಟಿಯವಳು, ನನ್ನ ತಂಗಿ, ಬರುತ್ತಾಳೆ ಎಂದು ಮುಖ್ಯಸ್ಥರಿಗೆ ಹೇಳಿದೆ. ಅವರು ನನ್ನನ್ನೇ ನೋಡುತ್ತ ಪೆನ್ನು ಕೆಳಗಿಟ್ಟರು. ಎಷ್ಟು ಹೊತ್ತಿಗೆ ಬರುತ್ತಾರೆ ಕೇಳಿ ಎಂದರು.

“ಆಟೋ ಹಿಡಿದ್ರೆ ಇಪ್ಪತ್ತು ನಿಮಿಷ,” ಎಂದಳು ತಂಗಿ. “ಆದ್ರೆ ಒಂದು ಹತ್ತು ನಿಮಿಷ ಕೊಡಕ್ಕ. ಮೊದ್ಲು ಅಮ್ಮಂಗೆ ಫೋನ್ ಮಾಡ್ಬೇಕು.”