ಪಹಣಿ ಇಲ್ಲದ ಚಿಕ್ಕಮಾದಮ್ಮ ಸಂಘ ಸೇರಿದ್ದು

ಕಿರುಗಾವಲು ಪಕ್ಕದ ಹಳ್ಳಿಯಲ್ಲಿ ಗದ್ದೆ ಕೂಲಿ ಮಾಡುವ ಚಿಕ್ಕಮಾದಮ್ಮನಿಗೆ ಒಂದು ಹಸು ಬೇಕಾಗಿತ್ತು. ಹಾಲಿನ ಆಸೆ ಇತ್ತು, ನಿಜ. ಆದರೆ ಗಂಡ ಮರಿಸಿದ್ದಯ್ಯ ತೀರಿಕೊಂಡ ಮೇಲೆ ಸಂಜೆ ಹೊತ್ತು ಅವಳ ಮನೆಯಲ್ಲಿ ಮಾತಾಡುವವರೇ ಇರಲಿಲ್ಲ. ಹಸು ಇದ್ದರೆ ಹಾಲು ಹಾಕುವ ನೆಪದಲ್ಲಿ ಡೈರಿ ಮುಂದೆ ನಾಲ್ಕು ಜನರ ಜೊತೆ ನಿಲ್ಲಬಹುದಲ್ಲ ಎಂಬುದು ಅವಳ ಆಸೆ.

ಹಸುವಿಗೆ ಸಾಲ ಬೇಕು. ಊರಿನಲ್ಲಿ ಸಹಕಾರ ಸಂಘವೇನೋ ಇದೆ, ಅವಳು ರೇಷನ್ ಅಕ್ಕಿ ತರುವುದೂ ಅದೇ ಕಟ್ಟಡದಿಂದಲೇ. ಆದರೆ ಪಕ್ಕದ ಆಫೀಸಿಗೆ ಅವಳು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಪಹಣಿ ಹಿಡಿದು ಬೆಳೆಸಾಲಕ್ಕೆ ಬರುವವರನ್ನು ನೋಡಿ ನೋಡಿ, ಒಳಗಿನದ್ದೆಲ್ಲ ಜಮೀನಿದ್ದವರಿಗೇ ಎಂದುಕೊಂಡಿದ್ದಳು. ಅಲ್ಲ ಎಂದು ತಿಳಿಸಲು ಸಂಘದವರೂ ಅವಳ ಬೀದಿಗೆ ಬರಲಿಲ್ಲ. ಅದು ಅವರ ಸೋಮಾರಿತನ, ಮುಚ್ಚಿಡುವುದೇಕೆ?

ಒಂದು ಸಂಜೆ ಸ್ವಸಹಾಯ ಗುಂಪಿನ ಸೌಮ್ಯ ಬಂದಳು. ಉಳಿತಾಯಕ್ಕೆ ಪಹಣಿ ಬೇಡ, ಗುಂಪು ಸೇರಿ ವಾರವಾರ ಕೈಲಾದಷ್ಟು ಕಟ್ಟುತ್ತಾ ಬಂದರೆ ಸಂಘದಿಂದ ಸಾಲಕ್ಕೂ ದಾರಿಯಿದೆ ಎಂದಳು. ಸಭೆಯೂ ಕೂಲಿ ಮುಗಿದ ಮೇಲೆಯೇ.

ಚಿಕ್ಕಮಾದಮ್ಮ ನಂಬಲಿಲ್ಲ. "ಸಾಲಕ್ಕೆ ಜೊತೆಗ್ ನಿಂತ್ಕಳೋರು ಬೇಕು ಕಣವ್ವ. ಒಂಟಿ ಎಂಗ್ಸು ನಾನು, ನಂಗ್ಯಾರವ್ರೆ?"

"ನಾಟಿ ಯಾರ್ ಜೊತೆ ಆಕ್ತೀಯ ದೊಡ್ಡವ್ವ? ಅವ್ರೇ ನಿಂತ್ಕತಾರೆ, ಬಾ."

ಸೌಮ್ಯ ಅವಳನ್ನು ಗುಂಪು ಸೇರುವ ಮಾಯಮ್ಮನ ಜಗುಲಿಗೆ ಕರೆದೊಯ್ದಳು. ಗದ್ದೆಯಲ್ಲಿ ಜೊತೆಗೆ ಬಗ್ಗಿ ದುಡಿಯುವ ಹೆಂಗಸರೆಲ್ಲ ಅಲ್ಲಿದ್ದರು. ಅವರು ವಾರವಾರ ಸೇರುವುದು ಅವಳಿಗೆ ಗೊತ್ತಿತ್ತು, ಏತಕ್ಕೆಂದು ಗೊತ್ತಿರಲಿಲ್ಲ; ಕರೆಯದೆ ಹೇಗೆ ಹೋಗುವುದೆಂದು ಸುಮ್ಮನಿದ್ದಳು. ದುಃಖದಲ್ಲಿರುವವಳನ್ನು ದುಡ್ಡಿನ ವಿಚಾರಕ್ಕೆ ಹೇಗೆ ಕರೆಯುವುದೆಂದು ಅವರೂ ಸುಮ್ಮನಿದ್ದರಂತೆ. ಇದನ್ನು ಕೇಳಿ ಚಿಕ್ಕಮಾದಮ್ಮನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು.

ಮಾಯಮ್ಮ ಸರಿದು ಜಾಗ ಮಾಡಿದಳು. "ಗದ್ದೆಲಿ ನೀನ್ ಇಂದೆ ಬಿದ್ರೆ ನಿನ್ ಪಾಲಿನ ನಾಟೀನೂ ನಾವೇ ಮುಗಿಸ್ಕೊಡಾಕಿಲ್ವಾ? ಸಾಲಕ್ಕೂ ನಿಂತ್ಕತೀವಿ. ಕುಂತ್ಕೊ."

ಹಸು ಇನ್ನೂ ಬಂದಿಲ್ಲ. ಅದಕ್ಕೆ ಇನ್ನಷ್ಟು ತಿಂಗಳ ಉಳಿತಾಯ ಆಗಬೇಕು. ಆದರೆ ವಾರಕ್ಕೊಂದು ಸಂಜೆ ಚಿಕ್ಕಮಾದಮ್ಮ ಮನೆಗೆ ಬೀಗ ಹಾಕಿ ಮಾಯಮ್ಮನ ಜಗುಲಿಗೆ ಹೋಗುತ್ತಾಳೆ.

ಅಕ್ಕ ತಂಗಿಯರೇ, ಜಮೀನಿಲ್ಲವೆಂದು ಹಿಂಜರಿಯಬೇಡಿ. ನಿಮ್ಮೂರ ಸಂಘದ ಆಫೀಸಿಗೆ ಹೋಗಿ ಕೇಳಿ. ಈಗಾಗಲೇ ಸದಸ್ಯರಾಗಿರುವವರೇ, ನಿಮ್ಮ ಬೀದಿಯಲ್ಲಿ ನೀವು ಯಾರನ್ನು ಇನ್ನೂ ಕರೆದಿಲ್ಲ? ಅವರು ತಾವಾಗಿ ಬರುವುದಿಲ್ಲ. ಇವತ್ತು ಸಂಜೆಯೇ ಹೋಗಿ ಕರೆಯಿರಿ.