ಭೀಮಬಾಯಿ ಒಪ್ಪದ ಚಿತ್ರ

ಕಪ್ಪು-ಬಿಳುಪು ಚಿತ್ರಗಳನ್ನಷ್ಟೇ ತೆಗೆಯುವ ಶಹಾಬಾದದ ಅಣವೀರ ಬಣ್ಣಗಳ ಹೆಸರನ್ನು ಬಾಯಿಗೆ ತರುವುದಿಲ್ಲ. ಹೆಂಡತಿ ಭಾಗ್ಯ ಹೊಸ ಕೆಂಪು ಸೀರೆಯನ್ನು ಮುಂದೆ ಹಿಡಿದು ಹೇಗಿದೆಯೆಂದು ಕೇಳಿದರೆ, ಕಣ್ಣು ಕಿರಿದು ಮಾಡಿ, ಒಡಲು ಗಾಢ, ಸೆರಗು ಒಂದಿಷ್ಟು ತಿಳಿ ಎನ್ನುತ್ತಾನೆ. ಇಂಥವನ ಜೊತೆ ಬಟ್ಟೆಯಂಗಡಿಗೆ ಕಾಲಿಡಬಾರದೆಂದು ಆಕೆ ಎಂದೋ ತೀರ್ಮಾನಿಸಿದ್ದಾಳೆ.

ನಡಿಗೆಯೂ ಹಾಗೆಯೇ. ನಡುಬೀದಿಯನ್ನು ಬಿಟ್ಟು, ಗೋಡೆಯ ನೆರಳು ಬಿಸಿಲಿಗೆ ತಾಗುವ ಅಂಚಿನಲ್ಲೇ, ಕ್ಯಾಮೆರಾದ ಭಾರಕ್ಕೆ ಒಂದು ಹೆಗಲನ್ನು ಬಾಗಿಸಿಕೊಂಡು, ಮೇ ತಿಂಗಳ ಧಗೆಯಲ್ಲೂ ಕಳಚದ ಮಾಸಿದ ಕೋಟಿನಲ್ಲಿ ಸಾಗುತ್ತಾನೆ. ಮೋಡ ಕವಿದ ಒಂದು ಮುಂಜಾವಿಗಾಗಿ ಸನ್ನತಿಯ ಭೀಮಾ ದಂಡೆಯಲ್ಲಿ ಮೂರು ದಿನ ಕಾದು, ಒಂದೂ ಚಿತ್ರ ತೆಗೆಯದೆ, ಯಾವ ಬೇಸರವೂ ಇಲ್ಲದೆ ಹಿಂದಿರುಗಿದ ಮನುಷ್ಯ. ಮುಖದ ಅರ್ಧವನ್ನು ಕತ್ತಲಿಗೆ ಒಪ್ಪಿಸಿದರೆ ಉಳಿದರ್ಧ ತಾನಾಗಿ ಮಾತಾಡುತ್ತದೆ ಎಂದು, ಕಲೆಯ ಬಗ್ಗೆ ಬರೆಯುವ ನನಗೆ ಎಷ್ಟೋ ಸಲ ಹೇಳಿದ್ದ. ನಾನೂ ನಂಬಿದ್ದೆ.

ಇಪ್ಪತ್ತು ವರ್ಷಗಳ ದುಡಿಮೆಯ ಬಳಿಕ ಕಲಬುರಗಿಯಲ್ಲಿ ಅವನ ಮೊದಲ ಪ್ರದರ್ಶನ ನಿಶ್ಚಯವಾಯಿತು. ಅದರ ಮುಖ್ಯ ಚಿತ್ರ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋಗುವ ಭೀಮಬಾಯಿಯದು: ಕಲ್ಲಿನ ರಾಶಿಯ ಪಕ್ಕ ಹಣೆಗೆ ಕೈ ಹಚ್ಚಿ ಕುಳಿತ ಆಕೆ, ಒಂದು ಕೆನ್ನೆಯ ಮೇಲೆ ಮಾತ್ರ ಬೆಳಕು. ಅದಕ್ಕೆ ‘ಶೋಕ’ ಎಂದು ಹೆಸರಿಟ್ಟು ಆಮಂತ್ರಣ ಪತ್ರಿಕೆಯ ಮೇಲೂ ಅಚ್ಚು ಹಾಕಿಸಿದ್ದ. ಮೊದಲ ಪತ್ರಿಕೆಯನ್ನು ಆಕೆಗೇ ಕೊಡೋಣವೆಂದು ನಾವಿಬ್ಬರೂ ಹಿಗ್ಗಿನಿಂದ ಹೋದೆವು.

ಭೀಮಬಾಯಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹೆಸರನ್ನು ಮಗಳು ದೇವಿಕಾಳಿಂದ ಓದಿಸಿಕೊಂಡಳು.

“ಅವತ್ತ ನಾ ಅಳ್ಲಾಕತ್ತಿದ್ದಿಲ್ಲ ತಮ್ಮಾ. ದೇವಿಕಾನ ಲಗ್ನದಾಗ ಯಾವ ಹಾಡು ಹಾಡ್ಬೇಕಂತ ನೆನಸಲಾಕತ್ತಿದ್ದೆ.”

ಅಣವೀರ ಕಲೆಯ ಮಾತಾಡಿದ, ನೆರಳಿನ ಮಾತಾಡಿದ, ನೋಡಿದವರೆಲ್ಲ ಕಣ್ಣೀರಿಟ್ಟರೆಂದ. ಆಕೆ ಎಲ್ಲವನ್ನೂ ಸಮಾಧಾನದಿಂದ ಕೇಳಿ, ನಮಗೆ ಚಹಾ ಕೊಟ್ಟಳು.

“ಫೋಟೋ ಭಾಳ ಚಲೋ ಅದ. ಖರೆ, ಅದು ನಂದಲ್ಲ.”

ಹೊರಗೆ ಬಂದಾಗ ನನಗೆ ಆಕೆಯ ಮೇಲೆ ಸಿಟ್ಟೇ ಬಂದಿತ್ತು, ಮುಚ್ಚಿಡುವುದೇಕೆ? ಆ ಚಿತ್ರವಿಲ್ಲದೆ ಪ್ರದರ್ಶನವೇ ಇಲ್ಲ, ಇಂಥ ಮಾತಿಗೆಲ್ಲ ಸೊಪ್ಪು ಹಾಕಬೇಡ ಎಂದೆ. ಅವನು ಆ ಪತ್ರಿಕೆಗಳನ್ನು ಹಂಚದೆ ಕಟ್ಟಿಟ್ಟ. ಉದ್ಘಾಟನೆಯ ದಿನ ನಡುಗೋಡೆ ಬರಿದಾಗಿತ್ತು. ಅಲ್ಲೇನಿತ್ತೆಂದು ಕೇಳಿದವರಿಗೆಲ್ಲ, ಒಬ್ಬ ಹೆಣ್ಣುಮಗಳ ಮುಖವನ್ನು ತಾನು ತಪ್ಪಾಗಿ ಓದಿದ್ದೆನೆಂದು ಹೇಳಿದ. ಕೆಲವರು ನಕ್ಕರು. ಆ ನಗೆಯೆದುರು ನಿಂತ ಗೆಳೆಯನನ್ನು ನೋಡಿ ನನಗೆ ನಾಚಿಕೆಯಾಯಿತು, ನನ್ನ ಬಗ್ಗೆಯೇ.

ಈಗ ಅವನ ಪ್ರತಿ ಚಿತ್ರವೂ ಮೊದಲು ಅದರಲ್ಲಿರುವವರ ಮನೆಗೆ ಹೋಗುತ್ತದೆ. “ಇದು ನೀವೇ ಏನ್ರಿ?” ಎಂದು ಕೇಳಿ ಉತ್ತರಕ್ಕೆ ಕಾಯುತ್ತಾನೆ. ಗುಂಡಗುರ್ತಿಯ ಕುರಿಗಾಹಿ ದೇವೀಂದ್ರಪ್ಪನಂತೂ, ಕುರಿಗಳು ಸರಿಯಾಗಿ ಬಂದಿವೆ, ತಾನು ಮಾತ್ರ ಬಂದಿಲ್ಲ ಎಂದನಂತೆ. ನಾನು ಶ್ರೇಷ್ಠವೆಂದು ಭಾವಿಸುವ ಎಷ್ಟೋ ಚಿತ್ರಗಳು ಹೀಗೆ ಟ್ರಂಕು ಸೇರಿವೆ.

ಪರರ ದುಃಖವನ್ನು ಸುಂದರವಾಗಿ ಚಿತ್ರಿಸುವ ಕಲಾವಿದರಿಗೆ ನಮ್ಮಲ್ಲಿ ಕೊರತೆಯಿಲ್ಲ, ಅವರನ್ನು ಹೊಗಳಿ ಬರೆಯುವ ನನ್ನಂಥವರಿಗೂ ಇಲ್ಲ. ಆ ದುಃಖ ನಿಮ್ಮದು ಹೌದೇ ಎಂದು ಬಾಗಿಲಿಗೆ ಹೋಗಿ ಕೇಳುವವರು ವಿರಳ. ಅಂಥವರ ಕೃತಿಗಳು ಕಡಿಮೆ, ಕೀರ್ತಿ ಇನ್ನೂ ಕಡಿಮೆ. ಆದರೆ ಅವರು ಕ್ಯಾಮೆರಾ ಎತ್ತಿದಾಗ ಯಾರೂ ಮುಖ ತಿರುಗಿಸುವುದಿಲ್ಲ.