ಅತ್ತಿಗೆಯ ಲಂಗರು

ನನ್ನ ಹೆಂಡತಿಯ ಅಕ್ಕ ಯಾರ ಮನೆಗೆ ಹೋದರೂ ಹೊಸ್ತಿಲಾಚೆ ಒಂಟಿಕಾಲಿನಲ್ಲಿ ನಿಂತು, ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದು, ಇನ್ನೊಂದರಿಂದ ಚಪ್ಪಲಿ ಮಗುಚಿ, ಅದರ ಅಡಿಯನ್ನು ಸಾವಧಾನವಾಗಿ ಪರೀಕ್ಷಿಸದೆ ಒಳಗೆ ಬರುವವರಲ್ಲ. ಅರವತ್ತರ ಸಮೀಪದ ಹೆಂಗಸು ಹೀಗೆ ಕೊಕ್ಕರೆಯ ಹಾಗೆ ನಿಂತದ್ದನ್ನು ಕಂಡು ನಕ್ಕವರಲ್ಲಿ ನಾನೇ ಮೊದಲಿಗ. "ಬಾರೇ ಅಕ್ಕ ಒಳಗೆ, ಅಲ್ಲೇನು ಚಿನ್ನ ಅಂಟಿದೆಯಾ?" ಎಂದು ಹೆಂಡತಿ ಒಳಗಿನಿಂದಲೇ ಗದರುತ್ತಾಳೆ. "ನೋಡಿ ಹೇಳ್ತೀನಿ" ಎನ್ನುತ್ತಾರೆ ಅತ್ತಿಗೆ.

ಆ ಮಾತು ಅವರ ಊರುಗೋಲು. ಕಾಫಿ ಬೇಕೇ ಎಂದರೂ ಅದೇ, ಸಿನಿಮಾಕ್ಕೆ ಬರುತ್ತೀರಾ ಎಂದರೂ ಅದೇ. ಮೂವತ್ತು ವರ್ಷಗಳ ಹಿಂದೆ ಮದುವೆಯ ಪ್ರಸ್ತಾಪ ಬಂದಾಗಲೂ ಅದನ್ನೇ ಹೇಳಿದರಂತೆ. ಇನ್ನೂ ನೋಡುತ್ತಲೇ ಇದ್ದಾರೆ.

ವೃತ್ತಿಯಿಂದ ಅವರು ಕಡಲಹುಲ್ಲಿನ ಗಣತಿಗಾರ್ತಿ. ಕೊಲ್ಲಿಯ ತಿಳಿನೀರಿನ ತಳದಲ್ಲೂ ಹುಲ್ಲುಗಾವಲು ಇರುತ್ತದೆಂದು, ಮೀನಿನ ಮರಿಗಳು ಅದರ ಬುಡದಲ್ಲೇ ಅವಿತು ಬೆಳೆಯುತ್ತವೆಂದು ನನಗೆ ತಿಳಿದದ್ದು ಅವರಿಂದಲೇ. ವಾರಕ್ಕೊಮ್ಮೆ ಸಂಶೋಧನಾಲಯದ ದೋಣಿಯಲ್ಲಿ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ ಮುಳುಗಿ, ತಳದಲ್ಲಿ ಮೊಳದಗಲದ ಚೌಕಟ್ಟನ್ನಿರಿಸಿ, ಅದರೊಳಗಿನ ಎಸಳುಗಳನ್ನು ಹತ್ತೊಂಬತ್ತು ವರ್ಷ ಎಣಿಸಿದವರು. ನೆಲದ ಮೇಲೂ ಅವರ ನಡಿಗೆ ನೀರೊಳಗಿನದೇ: ನಿಧಾನ, ಮೊಣಕಾಲೆತ್ತಿ, ಏನನ್ನೂ ತುಳಿಯದ ಹಾಗೆ. ಮೈಮೇಲೆ ಸದಾ ಉಪ್ಪುಗಟ್ಟಿ ಬಿಳಿಚಿದ ಒಂದು ನೀಲಿ ಕೋಟು.

ಇಪ್ಪತ್ತನೆಯ ವರ್ಷ ಹುಲ್ಲಿನ ನಡುವೆ ಹೊರಗಿನ ಪಾಚಿಯೊಂದು ಕಾಣಿಸಿತು. ನೋಡಲು ಬಲು ಚೆಲುವು, ಎಳೆಹಸಿರು. ಆದರೆ ಉಗುರಿನಷ್ಟು ತುಂಡು ಬಿದ್ದರೂ ಸಾಕು, ಅಲ್ಲೇ ಹಿಡಿದುಕೊಂಡು, ಹಬ್ಬಿ, ಹುಲ್ಲಿಗೆ ಕಂಬಳಿ ಹೊದಿಸಿದಂತೆ ಮುಚ್ಚಿ, ಬೆಳಕಿಲ್ಲದೆ ಅದನ್ನು ಕೊಳೆಸುತ್ತದೆ. ಎರಡೇ ವರ್ಷದಲ್ಲಿ ಹುಲ್ಲುಗಾವಲಿನ ಅರ್ಧ ಹೋಯಿತು.

ಇದನ್ನು ತಂದವರಾರೆಂದು ತೀರ್ಮಾನಿಸಲು ಸಂಶೋಧನಾಲಯದ ನಿರ್ದೇಶಕರು ಸಭೆ ಕರೆದರು. ಮೀನುಗಾರರ ತಲೆಯ ಮೇಲೆ ಗೂಬೆ ಕೂರಿಸುವುದು ಎಲ್ಲರಿಗೂ ಅನುಕೂಲವಾಗಿತ್ತು. ಅವರ ದೋಣಿಗಳನ್ನು ಕೊಲ್ಲಿಯಿಂದ ಹೊರಗಟ್ಟುವ ಆದೇಶ ಸಿದ್ಧವಾಗಿ ಮೇಜಿನ ಮೇಲಿತ್ತು, ಅತ್ತಿಗೆಯ ರುಜುವೊಂದೇ ಬಾಕಿ. ಬಿದ್ದರೆ ನಲವತ್ತು ಮನೆಗಳ ಅನ್ನಕ್ಕೆ ಕಲ್ಲು. ಊರವರನ್ನೂ ಕರೆದಿದ್ದರಿಂದ ಹಿಂದಿನ ಬೆಂಚಿನಲ್ಲಿ ನಾನೂ ಇದ್ದೆ. ಎಂದಿನಂತೆ "ನೋಡಿ ಹೇಳ್ತೀನಿ" ಎಂದು ಜಾರಿಕೊಳ್ಳುತ್ತಾರೆಂದೇ ಭಾವಿಸಿದ್ದೆ.

ಅವರು ಎದ್ದು, ನಕ್ಷೆ ಬಿಡಿಸಿ, ಪಾಚಿ ಎಲ್ಲಕ್ಕಿಂತ ದಟ್ಟವಾಗಿ, ಎಲ್ಲಕ್ಕಿಂತ ಹಳೆಯದಾಗಿ ಬೆಳೆದ ಜಾಗಕ್ಕೆ ಬೆರಳಿಟ್ಟರು.

"ಇಲ್ಲಿ ಯಾರೂ ಬಲೆ ಹಾಕಲ್ಲ. ಇಲ್ಲಿ ಲಂಗರು ಬಿಡೋದು ನಮ್ಮ ದೋಣಿ ಒಂದೇ. ಆ ವರ್ಷ ಈ ಪಾಚಿ ಇರೋ ದೊಡ್ಡ ಬಂದರಿಗೆ ಹೋಗಿ ಬಂದು, ಮಾರನೇ ದಿನವೇ ಇಲ್ಲಿ ಲಂಗರು ಇಳಿಸಿದ್ದೆ. ಹಗ್ಗ ತೊಳೀಬೇಕಿತ್ತು. ತೊಳೀಲಿಲ್ಲ."

ನಿರ್ದೇಶಕರ ಮುಖ ಕಪ್ಪಿಟ್ಟಿತು. "ಸ್ವಲ್ಪ ಯೋಚನೆ ಮಾಡಿ ಹೇಳಿ ಮೇಡಂ."

"ನೋಡೇ ಹೇಳ್ತಿದೀನಿ ಸಾರ್."

ಆದೇಶ ರದ್ದಾಯಿತು, ಅದರ ಬೆನ್ನಿಗೇ ಅತ್ತಿಗೆಯ ಮುಳುಗುವ ಪರವಾನಗಿಯೂ. ಈಗವರು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಬೇರೆಯವರು ಎಣಿಸಿ ತಂದ ಎಸಳುಗಳ ಅಂಕಿಯನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡುತ್ತಾರೆ. ಪ್ರತಿವರ್ಷ ಆ ಅಂಕಿ ಕಿರಿದಾಗುತ್ತಿದೆ. "ಸುಮ್ಮನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ ಅತ್ತಿಗೆ" ಎಂದು ನಾನೊಮ್ಮೆ ಹೇಳಿದೆ. "ನನಗೆ ಗೊತ್ತಾಗಿತ್ತಲ್ಲಪ್ಪ" ಎಂದರು, ಬರೆಯುವುದನ್ನು ನಿಲ್ಲಿಸದೆ.

ಚಪ್ಪಲಿ ಮಗುಚುವ ಚಾಳಿ ಹತ್ತಿದ್ದು ಆ ಸಭೆಯ ನಂತರ. ಇಂಥವರೊಡನೆ ಬಾಳುವುದು ಸುಲಭವೇನಲ್ಲ. ಕೇಡಿನ ಮೂಲ ಹುಡುಕಲು ನಾವೆಲ್ಲ ಪಕ್ಕದ ಮನೆಯ ಅಂಗಳಕ್ಕೆ ಓಡುವಾಗ ಇವರು ತಮ್ಮ ಕಾಲಡಿ ನೋಡಿಕೊಳ್ಳುತ್ತ ದಾರಿಗಡ್ಡ ನಿಂತಿರುತ್ತಾರೆ. ಹಾಗೆ ನಿಂತಷ್ಟು ಹೊತ್ತೂ ಒಳಗಿದ್ದವರಿಗೆ ನಗು. ಆಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದಾಗ, ನಾವೂ ಒಮ್ಮೆ ಕಾಲು ಮಡಚಿ ಅಂಗಾಲು ನೋಡಿಕೊಳ್ಳುತ್ತೇವೆ.